ಶಾಲು ಹೊದಿಸುವ ಮೊದಲು ಒಂದು ಲೆಕ್ಕ

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಕೆಲವು ವಾರಗಳಲ್ಲೇ ನಮ್ಮ ಊರುಗಳ ಶಾದಿ ಮಹಲ್‌ಗಳು ಪ್ರತಿಭಾ ಪುರಸ್ಕಾರಕ್ಕೆ ಸಜ್ಜಾಗುತ್ತವೆ. ಕೊಪ್ಪಳವಿರಲಿ, ಗಂಗಾವತಿಯಿರಲಿ, ಕುಷ್ಟಗಿ, ಯಲಬುರ್ಗಾಗಳಿರಲಿ, ದೃಶ್ಯ ಒಂದೇ. ವೇದಿಕೆಯ ಮೇಲೆ ಜನಪ್ರತಿನಿಧಿಗಳು, ಅಂಜುಮನ್ ಕಮಿಟಿಯ ಹಿರಿಯರು; ಕೆಳಗೆ ಹೆತ್ತವರು. ಹೆಚ್ಚು ಅಂಕ ಗಳಿಸಿದ ಮಕ್ಕಳಿಗೆ ಶಾಲು, ಹಾರ, ನೆನಪಿನ ಕಾಣಿಕೆ. ಈ ಸಂಭ್ರಮ ಬೇಡವೆಂದು ಯಾರೂ ಹೇಳಲಾರರು. ಆದರೆ ಆ ವೇದಿಕೆಯವರೆಗೆ ಬಾರದೆ ನಡುದಾರಿಯಲ್ಲೇ ಉಳಿದ ಮಕ್ಕಳ ಲೆಕ್ಕವನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಆರರಿಂದ ಹದಿನಾಲ್ಕು ವರ್ಷದೊಳಗಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ, ಇಲ್ಲವೇ ನಡುವೆ ಬಿಟ್ಟಿದ್ದಾರೆಂದು ಸಾಚಾರ್ ಸಮಿತಿ 2006ರಲ್ಲಿ ವರದಿ ಮಾಡಿದಾಗ ನಾವು ಸಭೆಗಳನ್ನು ನಡೆಸಿದೆವು, ಠರಾವುಗಳನ್ನು ಸ್ವೀಕರಿಸಿದೆವು. ಶಾಲೆ ಬಿಟ್ಟು ಗ್ಯಾರೇಜಿಗೋ ಅಕ್ಕಿ ಗಿರಣಿಗೋ ಹೋದ ಹುಡುಗನನ್ನು ಕಾರಣ ಕೇಳಿದರೆ ಬಡತನದ ಜೊತೆಗೆ ಇನ್ನೊಂದು ಮಾತೂ ಬರುತ್ತದೆ: "ಲೆಕ್ಕ ತಲೆಗೆ ಹತ್ತಲಿಲ್ಲ." ಈ ಮಾತು ಹುಟ್ಟುವುದು ಹತ್ತನೆಯ ತರಗತಿಯಲ್ಲಲ್ಲ. ಭಿನ್ನರಾಶಿ, ದಶಮಾಂಶ, ಅನುಪಾತಗಳು ಎದುರಾಗುವ ಐದರಿಂದ ಎಂಟರ ನಡುವಿನ ವರ್ಷಗಳಲ್ಲಿ. ನಾವು ಶಾಲು ಹಿಡಿದು ನಿಲ್ಲುವುದು ಅದೆಲ್ಲ ಮುಗಿದ ಮೇಲೆ.

ಈ ವಿಷಯದಲ್ಲಿ ಹಳ್ಳಿಗಳು ಪಟ್ಟಣಗಳಿಗಿಂತ ಒಂದು ಹೆಜ್ಜೆ ಮುಂದಿವೆಯೆಂದರೆ ಆಶ್ಚರ್ಯವಾದೀತು. ರಾಜ್ಯದ ಶಿಕ್ಷಣ ಇಲಾಖೆಯೊಡನೆ 'ಗಣಿತ ಕಲಿಕಾ ಆಂದೋಲನ'ವನ್ನು ರೂಪಿಸಿದ ಅಕ್ಷರ ಫೌಂಡೇಶನ್, ಗ್ರಾಮ ಪಂಚಾಯತಿ ಮಟ್ಟದಲ್ಲಿ ಗಣಿತ ಸ್ಪರ್ಧೆಗಳನ್ನು ಏರ್ಪಡಿಸುತ್ತ ಬಂದಿದೆ. ನಮ್ಮ ಜಿಲ್ಲೆಯ ಗ್ರಾಮಗಳಲ್ಲಿಯೂ ಇವು ನಡೆದಿವೆ. ಸರಕಾರಿ ಶಾಲೆಗಳ ನಾಲ್ಕು, ಐದು, ಆರನೆಯ ತರಗತಿಯ ಮಕ್ಕಳು ಒಂದೆಡೆ ಸೇರಿ ಪ್ರಶ್ನೆಪತ್ರಿಕೆ ಬಿಡಿಸುತ್ತಾರೆ. ಬಹುಮಾನಕ್ಕೂ ಊಟೋಪಚಾರಕ್ಕೂ ಊರವರೇ ಕೈಜೋಡಿಸುತ್ತಾರೆ. ತನ್ನ ಮಗುವಿಗೆ ಕಳೆಯುವ ಲೆಕ್ಕ ಬರುವುದೋ ಇಲ್ಲವೋ ಎಂಬುದನ್ನು ಹೊಲದ ಕೆಲಸ ಬಿಟ್ಟು ಬಂದ ತಂದೆ ಕಣ್ಣಾರೆ ನೋಡುತ್ತಾನೆ. ಗಣಿತವು ಶಾಲೆಯ ನಾಲ್ಕು ಗೋಡೆಗಳಿಂದ ಹೊರಬಂದು ಊರಿನ ಸಂಗತಿಯಾಗುತ್ತದೆ. ಆದರೆ ಹೆಸರೇ ಹೇಳುವಂತೆ ಇವು ಗ್ರಾಮ ಪಂಚಾಯತಿಯ ಸ್ಪರ್ಧೆಗಳು. ನಗರಸಭೆ, ಪುರಸಭೆ, ಪಟ್ಟಣ ಪಂಚಾಯತಿಗಳ ವಾರ್ಡುಗಳಲ್ಲಿ, ಅಂದರೆ ನಮ್ಮವರು ಹೆಚ್ಚಾಗಿ ವಾಸಿಸುವ ಮೊಹಲ್ಲಾಗಳಲ್ಲಿ, ಈ ಕೆಲಸವನ್ನು ಮಾಡುವವರಾರು? ಮಾಡಬಾರದೆಂದು ಯಾರೂ ತಡೆದಿಲ್ಲ.

ಇದು ಕೇವಲ ಬುದ್ಧಿಯ ಕಸರತ್ತಿನ ಪ್ರಶ್ನೆಯೂ ಅಲ್ಲ. ಒಂದರಿಂದ ಎಂಟನೆಯ ತರಗತಿಯವರೆಗಿನ ಅಲ್ಪಸಂಖ್ಯಾತ ಮಕ್ಕಳಿಗೆ ದೊರೆಯುತ್ತಿದ್ದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಶಿಕ್ಷಣ ಹಕ್ಕು ಕಾಯ್ದೆಯಡಿ ಎಂಟರವರೆಗೆ ಶಿಕ್ಷಣ ಉಚಿತವೇ ಆಗಿದೆಯೆಂಬುದು ಅದು ನೀಡಿದ ಕಾರಣ. ಪುಸ್ತಕ, ಚಪ್ಪಲಿ, ಬಸ್ಸಿನ ಖರ್ಚು ಯಾವ ಕಾಯ್ದೆಯಡಿ ಉಚಿತವೆಂದು ನಮ್ಮ ಸಂಸದರು ಗಟ್ಟಿಯಾಗಿ ಕೇಳಬೇಕಿತ್ತು. ಆ ನಿರ್ಧಾರವನ್ನು ಖಂಡಿಸುವುದು ನ್ಯಾಯವೇ. ಆದರೆ ಅದರೊಂದಿಗೆ ತೆರೆದಿರುವ ಬಾಗಿಲನ್ನೂ ನೋಡಬೇಡವೇ? ಎಂಟನೆಯ ತರಗತಿಯ ನಂತರ ಬಡ ಮಕ್ಕಳು ಶಾಲೆ ಬಿಡುವುದನ್ನು ತಡೆಯಲೆಂದು 2008ರಲ್ಲಿ ಆರಂಭವಾದ ಎನ್‌ಎಂಎಂಎಸ್ ವಿದ್ಯಾರ್ಥಿವೇತನಕ್ಕೆ ಜಾತಿ ಧರ್ಮಗಳ ಹಂಗಿಲ್ಲ. ಸರಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯಲ್ಲಿ ಎಂಟನೆಯ ತರಗತಿ ಓದುತ್ತಿರುವ, ಹೆತ್ತವರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದ ಮಗು ಪರೀಕ್ಷೆ ಬರೆಯಬಹುದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಹೆಣ್ಣು ಮಗಳನ್ನು ಕಾಲೇಜಿಗೆ ಕಳುಹಿಸಲೋ ಬೇಡವೋ ಎಂದು ತೂಗಿ ನೋಡುತ್ತಿರುವ ಮನೆಯಲ್ಲಿ ಈ ಮೊತ್ತ ತಕ್ಕಡಿಯನ್ನು ಯಾವ ಕಡೆಗೆ ಬಾಗಿಸುವುದೆಂದು ಬಿಡಿಸಿ ಹೇಳಬೇಕಿಲ್ಲ.

ಪರೀಕ್ಷೆಯಲ್ಲಿ ತಲಾ 90 ಪ್ರಶ್ನೆಗಳ ಎರಡು ಪತ್ರಿಕೆಗಳು. ಒಂದು ಶಾಲಾ ಪಾಠಗಳಿಗೆ ಸಂಬಂಧಿಸಿದ್ದು, ಇನ್ನೊಂದು ಬೌದ್ಧಿಕ ಸಾಮರ್ಥ್ಯದ್ದು. ಸಂಖ್ಯೆಗಳ ಸಾಲಿನಲ್ಲಿ ಬಿಟ್ಟುಹೋದದ್ದನ್ನು ಕಂಡುಹಿಡಿಯುವುದು, ಆಕೃತಿಗಳ ಕ್ರಮವನ್ನು ಗುರುತಿಸುವುದು, ಹೀಗೆ ಈ ಎರಡನೆಯದರಲ್ಲಿ ಬರುವ ಪ್ರಶ್ನೆಗಳಿಗೆ ಕಂಠಪಾಠದಿಂದ ಉತ್ತರ ದೊರೆಯದು. ದುರದೃಷ್ಟವಶಾತ್ ಇದಕ್ಕೂ ನಾವು ಗೈಡ್ ಹುಡುಕುತ್ತೇವೆ. ಕೊನೆಯ ಪುಟದ ಕೀ ಉತ್ತರಗಳನ್ನು ಉರು ಹೊಡೆಸುತ್ತೇವೆ. ಪಟ್ಟಣದಲ್ಲಿ ಸ್ವಲ್ಪ ಉಳ್ಳವರಾದರೆ ಮಣಿಚೌಕಟ್ಟಿನ ಅಬಾಕಸ್ ತರಗತಿಗೆ ಹಣ ಕಟ್ಟುತ್ತೇವೆ. ಶೀಘ್ರ ಗಣನೆಯೇ ಗಣಿತವೆಂಬ ಭ್ರಮೆ ನಮ್ಮಲ್ಲಿ ಬಲವಾಗಿದೆ. ಬೇಗ ಗುಣಿಸುವ ಕೆಲಸವನ್ನು ಅಂಗಡಿಯ ಕ್ಯಾಲ್ಕುಲೇಟರೂ ಮಾಡುತ್ತದೆ.

ಒಂದು ಸರಳ ಲೆಕ್ಕವನ್ನು ನೋಡೋಣ. ಈದ್ ನಮಾಝಿನ ನಂತರ ಒಂದು ಮನೆಯಲ್ಲಿ ಹತ್ತು ಮಂದಿ ಸೇರಿದ್ದಾರೆ. ಪ್ರತಿಯೊಬ್ಬರೂ ಉಳಿದ ಪ್ರತಿಯೊಬ್ಬರನ್ನು ಒಮ್ಮೆ ಆಲಿಂಗಿಸಿದರೆ ಒಟ್ಟು ಎಷ್ಟು ಆಲಿಂಗನಗಳಾದವು? ಒಂದು ಮಗು ನೂರು ಎನ್ನುತ್ತದೆ. ತನ್ನನ್ನು ತಾನೇ ಯಾರೂ ತಬ್ಬಿಕೊಳ್ಳುವುದಿಲ್ಲವೆಂದು ಪಕ್ಕದ ಮಗು ನಕ್ಕು, ತೊಂಬತ್ತು ಎನ್ನುತ್ತದೆ. ಅದೂ ತಪ್ಪು, ಅಹ್ಮದನು ಬಶೀರನನ್ನು ಆಲಿಂಗಿಸಿದ್ದೂ ಬಶೀರನು ಅಹ್ಮದನನ್ನು ಆಲಿಂಗಿಸಿದ್ದೂ ಒಂದೇ ಆಲಿಂಗನ. ಆದ್ದರಿಂದ ತೊಂಬತ್ತರ ಅರ್ಧ, ನಲವತ್ತೈದು. ಮೂರನೆಯ ಮಗು ಬೇರೊಂದು ದಾರಿ ಹಿಡಿಯುತ್ತದೆ: ಮೊದಲನೆಯವರು ಒಂಬತ್ತು ಮಂದಿಯನ್ನು ಆಲಿಂಗಿಸಿ ಪಕ್ಕಕ್ಕೆ ಕುಳಿತರು, ಎರಡನೆಯವರಿಗೆ ಉಳಿದದ್ದು ಎಂಟು, ಮುಂದಿನವರಿಗೆ ಏಳು. ಒಂಬತ್ತರಿಂದ ಒಂದರವರೆಗೆ ಕೂಡಿಸಿದರೂ ನಲವತ್ತೈದೇ. ನಾಲ್ಕನೆಯದು ತುಂಟ ಮಗುವಾದರೆ, ನಮ್ಮಲ್ಲಿ ಮೂರು ಬಾರಿ ತಬ್ಬಿಕೊಳ್ಳುವ ವಾಡಿಕೆಯಿದೆ, ಹಾಗಾಗಿ ನೂರ ಮೂವತ್ತೈದು ಎಂದೂ ಹೇಳೀತು. ಅದಕ್ಕೂ ಒಂದು ಶಹಬ್ಬಾಸ್ ಸಲ್ಲಬೇಕು.

ಇಲ್ಲಿ ನಲವತ್ತೈದು ಎಂಬ ಸಂಖ್ಯೆಗೆ ಹೆಚ್ಚಿನ ಬೆಲೆಯಿಲ್ಲ. ನೂರು ಎಂದ ಮಗುವಿಗೆ ತಾನು ಎಲ್ಲಿ ಎಡವಿದೆನೆಂಬುದು ತನ್ನ ಓರಗೆಯವರ ಮಾತಿನಿಂದಲೇ ಅರಿವಾಯಿತಲ್ಲ, ಬೆಲೆ ಇರುವುದು ಅದಕ್ಕೆ. ಕೀ ಉತ್ತರ ನೋಡಿ ಗುರುತು ಹಾಕಿದ ಮಗುವಿಗೆ ಮುಂದಿನ ವರ್ಷ ಹನ್ನೆರಡು ತಂಡಗಳ ಕಬಡ್ಡಿ ಪಂದ್ಯಗಳನ್ನು ಎಣಿಸಲು ಹೇಳಿದರೆ ಮತ್ತೆ ಅಲ್ಲೇ ಎಡವುತ್ತದೆ. ಕಾರಣ ತಿಳಿದ ಮಗು ಆಲಿಂಗನವನ್ನೇ ಪಂದ್ಯವೆಂದು ಬಗೆದು ಅರವತ್ತಾರು ಎಂದು ಬರೆಯುತ್ತದೆ.

ಹೀಗೆ ಲೆಕ್ಕಗಳನ್ನು ಹಂಚಿಕೊಂಡು ಒಂದು ದೇಶ ಏನಾಯಿತೆಂಬುದಕ್ಕೆ ಹಂಗೆರಿ ಸಾಕ್ಷಿ. ಅಲ್ಲಿನ ಗ್ಯೋರ್ ಎಂಬ ಊರಿನ ಶಾಲಾ ಶಿಕ್ಷಕ ದಾನಿಯೆಲ್ ಅರಾನಿ ಎಂಬವರು 1894ರಲ್ಲಿ ಶಾಲಾ ಮಕ್ಕಳಿಗಾಗಿ ಒಂದು ಗಣಿತ ಪತ್ರಿಕೆ ತೆಗೆದರು. ಪತ್ರಿಕೆ ಲೆಕ್ಕಗಳನ್ನು ಕೊಡುತ್ತಿತ್ತು, ಮಕ್ಕಳು ಅಂಚೆಯಲ್ಲಿ ಬಿಡಿಕೆಗಳನ್ನು ಕಳುಹಿಸುತ್ತಿದ್ದರು, ಒಳ್ಳೆಯ ಬಿಡಿಕೆಗಳು ಮಕ್ಕಳ ಹೆಸರಿನೊಡನೆ ಅಚ್ಚಾಗುತ್ತಿದ್ದವು. ಮುಂದೆ ಭಾವಚಿತ್ರಗಳೂ ಬಂದವು. ಇಪ್ಪತ್ತನೆಯ ಶತಮಾನದ ಮಹಾನ್ ಗಣಿತಜ್ಞರಲ್ಲೊಬ್ಬರಾದ ಪಾಲ್ ಏರ್ಡಿಶ್ ಬಾಲಕನಾಗಿ ಆ ಪುಟಗಳಲ್ಲಿ ಕಾಣಿಸಿಕೊಂಡವರೇ. ಯುದ್ಧಗಳಿಂದ ನಿಂತು ಮತ್ತೆ ಆರಂಭವಾದ ಆ ಪತ್ರಿಕೆ ಇಂದಿಗೂ ಜೀವಂತವಾಗಿದೆ.

ಹೆಣ್ಣು ಮಕ್ಕಳ ಹೆತ್ತವರು ವಿಶೇಷವಾಗಿ ಓದಬೇಕಾದ ಬದುಕು ಇರಾನಿನ ಮರ್ಯಮ್ ಮಿರ್ಝಾಖಾನಿಯವರದು. ಟೆಹರಾನಿನ ಮಾಧ್ಯಮಿಕ ಶಾಲೆಯ ಮೊದಲ ವರ್ಷದಲ್ಲಿ ಆಕೆ ಗಣಿತದಲ್ಲಿ ಹಿಂದೆ ಬಿದ್ದಿದ್ದರು. ಆಕೆಯಲ್ಲಿ ಅಂಥ ಪ್ರತಿಭೆಯೇನೂ ಇಲ್ಲವೆಂದು ಶಿಕ್ಷಕಿ ಭಾವಿಸಿದ್ದರು. ಮರುವರ್ಷ ಬಂದ ಇನ್ನೊಬ್ಬ ಶಿಕ್ಷಕಿಯ ಪ್ರೋತ್ಸಾಹ ಎಲ್ಲವನ್ನೂ ಬದಲಿಸಿತು. ಪ್ರೌಢಶಾಲೆಯಲ್ಲಿದ್ದಾಗ ಆಕೆಗೂ ಗೆಳತಿ ರೋಯಾ ಬೆಹೆಷ್ತಿಗೂ ರಾಷ್ಟ್ರಮಟ್ಟದ ಸ್ಪರ್ಧೆಯೊಂದರ ಆರು ಪ್ರಶ್ನೆಗಳು ಕೈಗೆ ಸಿಕ್ಕವು. ಮೂರು ಗಂಟೆಯ ಆ ಪರೀಕ್ಷೆಯ ಮೇಲೆ ಇಬ್ಬರೂ ಹಲವು ದಿನ ತಲೆಕೆಡಿಸಿಕೊಂಡು ಮೂರನ್ನು ಬಿಡಿಸಿದರು. ಆರರಲ್ಲಿ ಮೂರು! ನಮ್ಮ ಮನೆಯಾಗಿದ್ದರೆ 'ಅರ್ಧಕ್ಕರ್ಧ ತಪ್ಪು' ಎನ್ನುತ್ತಿದ್ದೆವು. ಅವರಾದರೋ ಪ್ರಾಂಶುಪಾಲೆಯ ಬಳಿಗೆ ಹೋಗಿ, ಗಂಡುಮಕ್ಕಳ ಶಾಲೆಯಲ್ಲಿರುವಂಥ ಲೆಕ್ಕ ಬಿಡಿಸುವ ತರಗತಿಗಳನ್ನು ನಮಗೂ ಏರ್ಪಡಿಸಿರೆಂದು ಕೇಳಿದರು. ಆಕೆ ಏರ್ಪಡಿಸಿದರು. ಮರ್ಯಮ್ 1994 ಮತ್ತು 1995ರ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ಗಳಲ್ಲಿ ಚಿನ್ನ ಗೆದ್ದರು, ಎರಡನೆಯ ಬಾರಿ ಪೂರ್ಣಾಂಕದೊಡನೆ. 2014ರಲ್ಲಿ ಗಣಿತದ ಅತ್ಯುನ್ನತ ಗೌರವವಾದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆಯಾದರು. 2017ರಲ್ಲಿ ನಲವತ್ತರ ವಯಸ್ಸಿನಲ್ಲೇ ತೀರಿಕೊಂಡರು.

ಲೆಕ್ಕ ನಮ್ಮ ಮಣ್ಣಿಗಾಗಲಿ ನಮ್ಮ ಪರಂಪರೆಗಾಗಲಿ ಹೊರಗಿನದಲ್ಲ. ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿ ಖಲೀಫ ಮಾಮೂನರ ಆಶ್ರಯದಲ್ಲಿ ಅಲ್ ಖ್ವಾರಿಝ್ಮಿ ಬೀಜಗಣಿತದ ಗ್ರಂಥ ಬರೆದರು. ಅದೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ಹಣ್ಣು, ಮುತ್ತು, ದಾರಿಹೋಕರು ತುಂಬಿದ ಆ ಸಂಸ್ಕೃತ ಗ್ರಂಥದ ಲೆಕ್ಕಗಳು ಇಂದಿನ ಸ್ಪರ್ಧೆಗಳ ಪ್ರಶ್ನೆಗಳಿಗೆ ಅಣ್ಣತಮ್ಮಂದಿರಂತಿವೆ. ತಿರುಳ್ಗನ್ನಡದ ನಾಡೆಂದು ಕವಿರಾಜಮಾರ್ಗ ಎಣಿಸುವ ಊರುಗಳಲ್ಲಿ ನಮ್ಮ ಕೊಪಣವೂ, ಅಂದರೆ ಕೊಪ್ಪಳವೂ, ಒಂದು. ಅದೂ ಅದೇ ಆಸ್ಥಾನದ ಕೃತಿ.

ಖ್ವಾರಿಝ್ಮಿಯವರ ಗ್ರಂಥದ ಒಂದು ದೊಡ್ಡ ಭಾಗ ಉಯಿಲು ಮತ್ತು ವಾರೀಸು ಹಂಚಿಕೆಯ ಲೆಕ್ಕಗಳಿಗೆ ಮೀಸಲು. ಮದ್ರಸಗಳಲ್ಲಿ ಸಿರಾಜಿ ಎಂಬ ಗ್ರಂಥವನ್ನು ಓದಿದವರಿಗೆ ಅದು ಅಪರಿಚಿತವಲ್ಲ. ಗಂಗಾವತಿಯ ಕಾಲುವೆ ಬಯಲಿನಲ್ಲಿ ಮೂರು ಎಕರೆ ಗದ್ದೆಯಿದ್ದ ಒಬ್ಬಾತ, ಸಾಲವಾಗಲಿ ಉಯಿಲಾಗಲಿ ಇಲ್ಲದೆ, ಪತ್ನಿ, ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳನ್ನು ಬಿಟ್ಟು ತೀರಿಕೊಂಡನೆನ್ನಿ. ಪತ್ನಿಗೆ ಎಂಟನೆಯ ಒಂದು, ತಾಯಿಗೆ ಆರನೆಯ ಒಂದು, ಉಳಿದದ್ದು ಮಕ್ಕಳಿಗೆ, ಮಗನಿಗೆ ಮಗಳ ಎರಡು ಪಾಲು. ಮೂರು ಎಕರೆಗೆ 120 ಗುಂಟೆ. ಪತ್ನಿಗೆ 15, ತಾಯಿಗೆ 20, ಗಂಡುಮಕ್ಕಳಿಗೆ ತಲಾ 34, ಮಗಳಿಗೆ 17. ಏಳನೆಯ ತರಗತಿಯ ಭಿನ್ನರಾಶಿ ಇಷ್ಟೇ. ಈ ಲೆಕ್ಕವನ್ನು ಹುಡುಗ ಹುಡುಗಿಯರು ಒಟ್ಟಿಗೆ ಬಿಡಿಸಿದ ಮೊಹಲ್ಲಾದಲ್ಲಿ ಆ ಹದಿನೇಳು ಗುಂಟೆಯನ್ನು ಅಣ್ಣಂದಿರು ಮರೆತುಬಿಡುವುದು ಅಷ್ಟು ಸುಲಭವಾಗದು. ಬಹುಶಃ ಅದಕ್ಕೇ ನಾವು ಈ ಲೆಕ್ಕವನ್ನು ಮದ್ರಸದ ಕೊಠಡಿಯಲ್ಲೇ ಬಿಟ್ಟಿದ್ದೇವೆ!

ಅಂಜುಮನ್ ಕಮಿಟಿಗಳು ಮಾಡಬೇಕಾದುದು ದೊಡ್ಡದೇನಲ್ಲ. ಮಕ್ಕಳು ಓಡಾಡುವ ಕಡೆ ಒಂದು ಕರಿಹಲಗೆ. ಶುಕ್ರವಾರ ಅದರ ಮೇಲೆ ಒಂದು ಲೆಕ್ಕ, ಕನ್ನಡ ಉರ್ದು ಎರಡರಲ್ಲೂ. ಒಂದು ವಾರದ ನಂತರ ಬಿಡಿಸಿದವರೆಲ್ಲರ ಹೆಸರು. ಮೊದಲ ಮೂವರದಷ್ಟೇ ಅಲ್ಲ. ಬಿಡಿಕೆಯನ್ನು ಹಿರಿಯರಲ್ಲ, ಒಂದು ಮಗುವೇ ನಿಂತು ವಿವರಿಸಲಿ. ಹುಡುಗಿಯರಿಗೂ ಅಲ್ಲಿ ಸರದಿ ಇರಲಿ. ಲೆಕ್ಕ ಆಯ್ದು ಕೊಡಲು ಪಟ್ಟಣದಲ್ಲಿ ನಿವೃತ್ತ ಗಣಿತ ಶಿಕ್ಷಕರಿಗೆ ಬರವಿಲ್ಲ, ಅವರು ಯಾವ ಸಮುದಾಯದವರಾದರೂ ಸರಿ. ಇಷ್ಟು ಮಾಡಿದರೆ ಪರೀಕ್ಷೆಯಲ್ಲಿ ಎಲ್ಲರೂ ಆಯ್ಕೆಯಾಗುವರೇ ಎಂದು ಕೇಳುವವರಿದ್ದಾರೆ. ಇಲ್ಲ. ದೇಶಕ್ಕೆಲ್ಲ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿವೇತನಗಳಷ್ಟೇ ಇವೆ. ಆಯ್ಕೆಯಾಗದ ಮಗುವಿನ ಬಾಯಲ್ಲಿ 'ತಲೆಗೆ ಹತ್ತಲಿಲ್ಲ' ಎಂಬ ಮಾತು ಬಾರದಿದ್ದರೆ ಅದೂ ಸಣ್ಣ ಗಳಿಕೆಯಲ್ಲ.

ಮೊದಲ ಶುಕ್ರವಾರದ ಹಲಗೆಗೆ ಹಳೆಯದೊಂದು ಲೆಕ್ಕ ಇಲ್ಲಿದೆ. ತಂದೆಯೊಬ್ಬ 17 ಒಂಟೆಗಳಲ್ಲಿ ಹಿರಿಯ ಮಗನಿಗೆ ಅರ್ಧ, ಎರಡನೆಯವನಿಗೆ ಮೂರನೆಯ ಒಂದು, ಕಿರಿಯವನಿಗೆ ಒಂಬತ್ತನೆಯ ಒಂದು ಎಂದು ಹೇಳಿ ತೀರಿಕೊಂಡ. (ವಾರೀಸಿನ ನಿಯಮದಂತೆ ಇಂಥ ಹಂಚಿಕೆ ಸಲ್ಲದು, ಇದು ಕತೆಯಷ್ಟೇ.) ದಾರಿಹೋಕನೊಬ್ಬ ತನ್ನ ಒಂಟೆಯನ್ನು ಸೇರಿಸಿ ಹದಿನೆಂಟು ಮಾಡಿದ, ಒಂಬತ್ತು, ಆರು, ಎರಡರಂತೆ ಹಂಚಿದ, ಉಳಿದ ತನ್ನ ಒಂಟೆಯನ್ನು ಹತ್ತಿ ಹೊರಟುಹೋದ. ಈ ಕತೆ ನಮ್ಮ ಹಿರಿಯರಿಗೆಲ್ಲ ಗೊತ್ತು. ಆ ಒಂಟೆ ಮರಳಿ ಬಂದದ್ದು ಹೇಗೆಂದು ಮಕ್ಕಳನ್ನು ಕೇಳಿರಿ. ತೋಚದಿದ್ದರೆ, ಮೊದಲು ಆ ಮೂರು ಭಿನ್ನರಾಶಿಗಳನ್ನು ಕೂಡಿಸಿ ನೋಡಲಿ.