ಹೆಬ್ಬೆಟ್ಟು ನಮ್ಮದು, ಇಂಗ್ಲಿಷ್ ಕಾಗದ ಯಾರದು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕನ್ನಡ ಬಂಧುಗಳೇ!

ಆಪರೇಷನ್ನಿಗೆ ಮುಂಚೆ ನಿಮ್ಮ ಮುಂದೆ ಒಂದು ಕಾಗದ ಹಿಡಿಯುತ್ತಾರೆ. ‘ಇಲ್ಲಿ ಸಹಿ ಮಾಡಿ’ ಎನ್ನುತ್ತಾರೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ. ಅದರಲ್ಲಿ ಏನಿದೆ ಎಂದು ಎಂದಾದರೂ ಓದಿದ್ದೀರಾ? ಓದುವುದು ಹೇಗೆ? ಎಷ್ಟೋ ಆಸ್ಪತ್ರೆಗಳಲ್ಲಿ ಅದು ಇಂಗ್ಲಿಷಿನಲ್ಲಿದೆ!

ನಾಚಿಕೆಯಿಂದ ಗಂಡಸರು ಬಾಯಿ ಬಿಡದ ಒಂದು ಕಾಯಿಲೆಯನ್ನೇ ತೆಗೆದುಕೊಳ್ಳಿ. ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಗ್ರಂಥಿ ಇದೆ. ಕೆಲವರಿಗೆ ಅದರಲ್ಲಿ ನೀರುಗುಳ್ಳೆ ಆಗುತ್ತದೆ. ಬಹುಪಾಲು ಗುಳ್ಳೆಗಳು ಚಿಕ್ಕವು. ಬೇರೆ ಯಾವುದಕ್ಕೋ ಸ್ಕ್ಯಾನಿಂಗ್ ಮಾಡಿಸಿದಾಗ ಕಣ್ಣಿಗೆ ಬೀಳುತ್ತವೆ. ತೊಂದರೆ ಕೊಡದಿದ್ದರೆ ಆಪರೇಷನ್ನೇ ಬೇಕಿಲ್ಲ. ಮೂತ್ರ ಕಟ್ಟಿದರೆ, ವೀರ್ಯದಲ್ಲಿ ರಕ್ತ ಬಂದರೆ, ವೀರ್ಯನಾಳ ಒತ್ತಿ ಮಕ್ಕಳಾಗದಿದ್ದರೆ ಚಿಕಿತ್ಸೆಯ ಮಾತು.

ಇಂದು ಅದಕ್ಕೂ ಹೊಟ್ಟೆ ಕೊಯ್ಯುವ ಪ್ರಸಂಗ ಅಪರೂಪ. ಸ್ಕ್ಯಾನಿಂಗ್ ನೋಡುತ್ತ ಸೂಜಿ ಹಾಕಿ ನೀರು ಎಳೆಯಬಹುದು. ಮೂತ್ರನಾಳದೊಳಗೆ ದುರ್ಬೀನಿನ ನಳಿಕೆ ಹಾಯಿಸಿ ಗುಳ್ಳೆಯ ಮೇಲ್ಪದರ ತೆರೆಯಬಹುದು. ಆಳದಲ್ಲಿರುವ ದೊಡ್ಡ ಗುಳ್ಳೆಗೆ ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ಚಿಕಿತ್ಸೆ ನೀಡುವುದೂ ಉಂಟು. ಒಳ್ಳೆಯದೇ! ಆದರೆ ಸೂಜಿಯಿಂದ ತೆಗೆದ ನೀರು ಮತ್ತೆ ತುಂಬಬಹುದು. ನಳಿಕೆ ಹಾಕಿದರೆ ರಕ್ತಸ್ರಾವ, ಸೋಂಕು ಆಗಬಹುದು. ವೀರ್ಯ ಹೊರಗೆ ಬರುವ ಬದಲು ಹಿಂದಕ್ಕೆ ಮೂತ್ರಕೋಶಕ್ಕೆ ಹೋಗಲೂಬಹುದು. ಮಕ್ಕಳಾಗಲಿ ಎಂದೇ ಆಪರೇಷನ್ನಿಗೆ ಬಂದ ಯಲಬುರ್ಗಾದ ರೈತನ ಮಗನಿಗೆ ಇದನ್ನು ಮೊದಲೇ ಹೇಳಬೇಡವೇ? ಅವನಿಗೆ ತಿಳಿಯದ ಭಾಷೆಯಲ್ಲಿ ಅಚ್ಚು ಹಾಕಿಸಿದರೆ ಹೇಳಿದಂತಾಯಿತೇ?

ಇದು ಬರೀ ಭಾಷಾಭಿಮಾನದ ಮಾತಲ್ಲ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ: ಚಿಕಿತ್ಸೆ ಏನು, ಬೇರೆ ದಾರಿ ಏನು, ಅಪಾಯ ಏನು, ಚಿಕಿತ್ಸೆ ಬೇಡವೆಂದರೆ ಏನಾಗುತ್ತದೆ ಎಂಬುದನ್ನು ತಿಳಿಸಿಯೇ ವೈದ್ಯರು ಒಪ್ಪಿಗೆ ಪಡೆಯಬೇಕು. ತಿಳಿಯದೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಲ್ಲ, ಬರೀ ಮಸಿ!

1948ರವರೆಗೆ ನಿಜಾಮನ ಆಳ್ವಿಕೆಯಲ್ಲಿ ನಮ್ಮ ಹಿರಿಯರು ಉರ್ದು ಕಾಗದಗಳ ಮುಂದೆ ಕೈಕಟ್ಟಿ ನಿಂತರು. 1963ರಲ್ಲಿ ಕನ್ನಡ ರಾಜ್ಯದ ಆಡಳಿತ ಭಾಷೆಯಾಯಿತು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ವೈದ್ಯಕೀಯ ಕಾಲೇಜೂ ಬಂತು. ಆದರೂ ಕಾಗದದ ಮುಂದೆ ಕೈಕಟ್ಟಿ ನಿಲ್ಲುವುದು ತಪ್ಪಲಿಲ್ಲ!

‘ವೈದ್ಯಶಾಸ್ತ್ರಕ್ಕೆ ಕನ್ನಡದಲ್ಲಿ ಪದಗಳಿಲ್ಲ’ ಎನ್ನುವ ಮಹಾಶಯರೇ, ಡಾ. ಡಿ.ಎಸ್. ಶಿವಪ್ಪನವರು ವೈದ್ಯಕೀಯ ನಿಘಂಟನ್ನೇ ಕಟ್ಟಿಕೊಟ್ಟಿದ್ದಾರೆ. ಮೇಲೆ ಬರೆದದ್ದು ಕುಷ್ಟಗಿಯ ಸಂತೆಯಲ್ಲಿ ನಿಂತವನಿಗೂ ಅರ್ಥವಾಗುತ್ತದೆ. ಕೊರತೆ ಪದಗಳದ್ದಲ್ಲ, ಮನಸ್ಸಿನದು!

ನಮ್ಮ ಹಕ್ಕೊತ್ತಾಯ:

1. ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ಆಸ್ಪತ್ರೆಯಲ್ಲೂ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ.
2. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆ, ಪಥ್ಯ, ಅಪಾಯದ ಲಕ್ಷಣಗಳು ಕನ್ನಡದಲ್ಲಿರಲಿ.
3. ಓದಲು ಬಾರದವರಿಗೆ ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು ಪಡೆಯಲಿ.

ವೈದ್ಯರ ಮೇಲೆ ನಮಗೆ ದ್ವೇಷವಿಲ್ಲ. ಜೀವ ಉಳಿಸುವ ಕೈಗೆ ನಮಸ್ಕಾರ. ಆದರೆ ದೇಹ ನಮ್ಮದು, ನೆಲ ನಮ್ಮದು, ನುಡಿಯೂ ನಮ್ಮದೇ ಇರಬೇಕು. ಇನ್ನು ಮುಂದೆ ಕಾಗದ ಕೊಟ್ಟರೆ ಪೆನ್ನು ಕೆಳಗಿಡಿ. ‘ಕನ್ನಡದಲ್ಲಿ ಕೊಡಿ, ಇಲ್ಲವೇ ಕನ್ನಡದಲ್ಲಿ ಓದಿ ಹೇಳಿ’ ಎನ್ನಿ. ಕೇಳದಿದ್ದರೆ ಯಾರೂ ಕೊಡುವುದಿಲ್ಲ!

ಸಿರಿಗನ್ನಡಂ ಗೆಲ್ಗೆ!