ಲೆಕ್ಕದ ಮನೆಯಲ್ಲೇ ಪ್ರೋಗ್ರಾಮಿಂಗ್ ಪಾಠ

ಬಿ.ಕಾಂ. ಓದುವವರಿಗೆ ಪ್ರೋಗ್ರಾಮಿಂಗ್ ಏಕೆಂದು ಕೇಳುವ ಪೋಷಕರುಂಟು. ಆದರೆ ಪರ್ಸನಲ್ ಕಂಪ್ಯೂಟರಿಗೆ ಸ್ಪ್ರೆಡ್‌ಶೀಟ್ ಬಂದದ್ದೇ ಎಂ.ಬಿ.ಎ. ವಿದ್ಯಾರ್ಥಿಯೊಬ್ಬರಿಂದ. ಕರಿಹಲಗೆಯ ಕೋಷ್ಟಕದಲ್ಲಿ ಒಂದು ಅಂಕಿ ತಪ್ಪಿದರೆ ಮುಂದಿನದ್ದನ್ನೆಲ್ಲ ಅಳಿಸಿ ಬರೆಯಬೇಕಾದ ಪಾಡನ್ನು ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಡಾನ್ ಬ್ರಿಕ್ಲಿನ್ ಗಮನಿಸಿದರು. ಬಾಬ್ ಫ್ರಾಂಕ್‌ಸ್ಟನ್ ಜೊತೆಗೂಡಿ ಅವರು ರೂಪಿಸಿದ ‘ವಿಸಿಕ್ಯಾಲ್ಕ್’ 1979ರಲ್ಲಿ ಮಾರಾಟಕ್ಕೆ ಬಂತು. ಇಂದಿನ ಎಕ್ಸೆಲ್ ಅದೇ ಹಾದಿಯದು.

ಬೆಲೆ ಒಂದು ಮನೆಯಲ್ಲಿ, ಪ್ರಮಾಣ ಇನ್ನೊಂದರಲ್ಲಿ, ಗುಣಾಕಾರದ ಸೂತ್ರ ಮೂರನೆಯದರಲ್ಲಿ. ಬೆಲೆ ಬದಲಿಸಿದರೆ ಮೊತ್ತ ತಾನೇ ಬದಲಾಗುತ್ತದೆ. ‘ಮೊತ್ತ 5,000 ರೂಪಾಯಿ ಮೀರಿದರೆ ಶೇ. 5 ರಿಯಾಯಿತಿ’ ಎಂಬ ಷರತ್ತನ್ನು ‘ಇಫ್’ ಸೂತ್ರದಲ್ಲಿ ಬರೆದರೆ ಅದೇ ಪ್ರೋಗ್ರಾಮಿಂಗ್‌ನ ಮೊದಲ ಹೆಜ್ಜೆ. ಬಿಲ್ಲು ಸರಿಯಾಗಿ 5,000 ಆದರೇನು? ‘ಮೀರಿದರೆ’ ಎಂದರೆ ರಿಯಾಯಿತಿ ಇಲ್ಲ. ‘ಮುಟ್ಟಿದರೆ’ ಎಂದರೆ 250 ರೂಪಾಯಿ ಕಡಿತ. ಅಂಗಡಿಯ ನಿಯಮ ಯಾವುದೆಂದು ಕಂಪ್ಯೂಟರ್ ಊಹಿಸಲಾರದು. ಸೂತ್ರ ಬರೆಯುವವರೇ ತಿಳಿದಿರಬೇಕು.

ದುಬಾರಿ ಕೋರ್ಸಿಗೆ ಶುಲ್ಕ ಕಟ್ಟುವ ಮುನ್ನ ವಿದ್ಯಾರ್ಥಿಗಳು ಇಂಥದೊಂದು ಬಿಲ್ಲು ತಯಾರಿಸಿ, 4,999, 5,000, 5,001 ಹಾಕಿ, ಉತ್ತರವನ್ನು ಕೈಲೆಕ್ಕದೊಡನೆ ತಾಳೆ ನೋಡಲಿ. ಈ ಅಭ್ಯಾಸ ಕೈಗೂಡಿದವರಿಗೆ ಪೈಥಾನ್‌ನಂಥ ಭಾಷೆ ಕಲಿಯುವುದು ಸುಲಭವಾದೀತು.