ಎಲೆಯ ಮೇಲಿನ ಉಪ್ಪು, ಘಟ್ಟದ ಮೇಲಿನ ನೀರು

ಅಘನಾಶಿನಿ ಅಳಿವೆಯ ಕೆಸರು ದಂಡೆಯಲ್ಲಿ, ಕಾಂಡ್ಲಾ ಗಿಡಗಳ ಅಂಚಿಗೆ ಹೊಳೆಚುಳ್ಳಿ ಎಂಬ ಪೊದೆ ಬೆಳೆಯುತ್ತದೆ. ಮುಳ್ಳಂಚಿನ ಎಲೆ, ನಸುನೇರಳೆ ಹೂವು. ಬೇಸಿಗೆಯಲ್ಲಿ ಅದರ ಎಲೆಯನ್ನು ಸವರಿದ ಬೆರಳು ನಾಲಿಗೆಗೆ ಉಪ್ಪಾಗುತ್ತದೆ. ಆ ಉಪ್ಪು ಭರತದ ನೀರು ಎರಚಿದ್ದಷ್ಟೇ ಅಲ್ಲ, ಗಿಡವೇ ಹೊರಹಾಕಿದ್ದು.

ಸೂಕ್ಷ್ಮದರ್ಶಕದ ಕೆಳಗೆ ಈ ಎಲೆಯ ಮೈ ಒಂದು ಕಾರ್ಯಾಗಾರದಂತೆ ತೋರುತ್ತದೆ. ಮೇಲೆ ದಪ್ಪನೆಯ ಮೇಣದ ಹೊರಪೊರೆ. ಗಾಳಿಯಾಡುವ ಪತ್ರರಂಧ್ರಗಳು ಬಿಸಿಲಿಗೆ ಮರೆಯಾದ ಕೆಳಮೈಯಲ್ಲಿ. ನಡುನಡುವೆ ಸಣ್ಣ ತಗ್ಗುಗಳಲ್ಲಿ ಉಪ್ಪುಗ್ರಂಥಿಗಳು. ಒಂದೊಂದರಲ್ಲಿಯೂ ಕೆಲವೇ ಜೀವಕೋಶಗಳು. ತಳದ ಕೋಶ ಉಪ್ಪುನೀರನ್ನು ಸಂಗ್ರಹಿಸುತ್ತದೆ, ತೊಟ್ಟಿನಂತಹ ನಡುಕೋಶ ಮೇಲಕ್ಕೆ ದಾಟಿಸುತ್ತದೆ, ತುದಿಯ ಕೋಶಗಳು ಹೊರಗೆ ಸ್ರವಿಸುತ್ತವೆ. ನಡುಕೋಶದ ಪಕ್ಕದ ಗೋಡೆಗೆ ನೀರು ಹಾಯದ ಲೇಪವಿರುವುದರಿಂದ ಉಪ್ಪು ಎಲೆಯೊಳಕ್ಕೆ ಮರಳಿ ಸೋರುವುದಿಲ್ಲ.

ಈ ಕೆಲಸ ಪುಕ್ಕಟೆಯಾಗಿ ನಡೆಯುವುದಿಲ್ಲ. ಬಿಸಿಲಿನಿಂದ ಗಳಿಸಿದ ಶಕ್ತಿಯ ಒಂದು ಪಾಲನ್ನು ಗಿಡ ಉಪ್ಪನ್ನು ಹೊರತಳ್ಳಲು ವ್ಯಯಿಸಬೇಕು. ನೀರಿನ ಉಪ್ಪು ಏರಿದಷ್ಟೂ ಬೆಳವಣಿಗೆಗೆ ಉಳಿಯುವುದು ಕಡಿಮೆ. ಮಳೆಗಾಲದಲ್ಲಿ ಘಟ್ಟದಿಂದ ಇಳಿದು ಬರುವ ಸಿಹಿನೀರೇ ಅದಕ್ಕೆ ಬಿಡುವು. ಶಿರಸಿಯ ಬಳಿ ಹುಟ್ಟುವ ಅಘನಾಶಿನಿ ಯಾವ ಜಲವಿದ್ಯುತ್ ಅಣೆಕಟ್ಟಿಗೂ ಸಿಲುಕದೆ ಕಡಲನ್ನು ಸೇರುತ್ತಿರುವುದರಿಂದ ಈ ಋತುಚಕ್ರ ಇಲ್ಲಿ ಇನ್ನೂ ಉಳಿದಿದೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಮರುವರ್ಷ, 2025ರಲ್ಲಿ, ಇದೇ ನದಿಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಯೋಜನೆಯ ಮಾತು ಕೇಳಿಬಂದಿತು. ಕಡಲಿಗೆ ಹರಿಯುವ ನೀರು ವ್ಯರ್ಥ ಎಂಬುದೇ ಇಂತಹ ಯೋಜನೆಗಳ ಹಳೆಯ ವಾದ.

ಪಕ್ಕದ ಶರಾವತಿ ಇದರ ಇನ್ನೊಂದು ಮುಖವನ್ನು ತೋರಿಸಿದೆ. 1964ರ ಲಿಂಗನಮಕ್ಕಿ ಅಣೆಕಟ್ಟಿನ ನಂತರ ವಿದ್ಯುದಾಗಾರಗಳಿಂದ ಬೇಸಿಗೆಯಲ್ಲೂ ಸಿಹಿನೀರು ಹರಿದು, ಅಲ್ಲಿನ ಅಳಿವೆಯ ಉಪ್ಪು ಇಳಿಯಿತು. ಚಿಪ್ಪುಮೀನಿನ ಸಂಪತ್ತು ಕುಗ್ಗಿತು. ಸಿಹಿನೀರು ಕಡಿಮೆಯಾದರೂ ಕೇಡು, ಅಕಾಲದಲ್ಲಿ ಹೆಚ್ಚಾದರೂ ಕೇಡು. ಅಳಿವೆಯ ಬದುಕು ಎರಡು ನೀರುಗಳ ಸಕಾಲಿಕ ಕೂಡಾಟವನ್ನು ನಂಬಿದೆ. ಕಾಂಡ್ಲಾದ ಬೇರಿನ ನಡುವೆ ಬೆಳೆಯುವ ಮೀನುಮರಿ, ಬಳಚು ಹೆಕ್ಕುವ ಹೆಂಗಸರ ದಿನದ ಗಳಿಕೆ, ಗಜನಿ ಗದ್ದೆಯ ಕಗ್ಗ ಭತ್ತ ಎಲ್ಲವೂ ಅದೇ ಲೆಕ್ಕಕ್ಕೆ ಸೇರಿದವು.

ಆದ್ದರಿಂದ ಘಟ್ಟದ ಮೇಲಿನ ಯಾವುದೇ ನೀರಿನ ಯೋಜನೆಯ ಪರಿಸರ ಅಧ್ಯಯನ ಮುಳುಗಡೆಯ ಗಡಿಯಲ್ಲಿ ನಿಲ್ಲಬಾರದು, ಅಳಿವೆಯ ಬಾಯಿಯವರೆಗೂ ಇಳಿಯಬೇಕು. ನದಿ ಕಡಲಿಗೆ ಒಯ್ಯುವ ನೀರು ವ್ಯರ್ಥವೋ ಅಲ್ಲವೋ ಎಂಬ ಪ್ರಶ್ನೆಗೆ ಹೊಳೆಚುಳ್ಳಿಯ ಒಂದು ಎಲೆಯೂ ಸಾಕ್ಷಿ ಹೇಳಬಲ್ಲದು. ಕೇಳುವವರು ಕೆಸರಿಗಿಳಿಯಬೇಕು, ಅಷ್ಟೆ.